ಸೋಮವಾರ ಹನ್ನೊಂದರ ಫೋನು

ಲಾರಿಯ ಹಿಂಬಾಗಿಲು ಕೆಳಗಿಳಿಯುವ ಹೊತ್ತಿಗೆ ಸಾಬೇರಾ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ದವಡೆಯಲ್ಲೊಂದು ಲವಂಗ ಇಟ್ಟುಕೊಂಡು, ಟಾರ್ಚು ಹಿಡಿದು ನಿಂತಿದ್ದಾರೆ. ಸೋಮವಾರ, ಬೆಳಗಿನ ಐದೂ ಮುಕ್ಕಾಲು. ಶಹಾಪುರದ ಸುರಪುರ ರಸ್ತೆಯಲ್ಲಿ ಎದುರಿನ ಚಹಾದಂಗಡಿಯ ಒಲೆ ಇನ್ನೂ ಹೊತ್ತಿಲ್ಲ. ಊರಿನ ಬೆಟ್ಟ ಕಪ್ಪಗೆ ಮಲಗಿದೆ. ಕಲಬುರಗಿಯಿಂದ ಬಂದ ಲಾರಿಯೊಳಗೆ ಆರು ಬೈಕುಗಳು ಪಟ್ಟಿಗಳಲ್ಲಿ ಬಿಗಿಸಿಕೊಂಡು, ಮೈತುಂಬ ಪ್ಲಾಸ್ಟಿಕ್ ಹೊದ್ದು, ಮುಖ ಮಾತ್ರ ಹೊರಗಿಟ್ಟು ನಿಂತಿವೆ.

ಲಾರಿಯ ಚಾಲಕ ಇನಾಯತ ಕೆಳಗೆ ಹಾರಿದವನೇ ದಖನಿಯಲ್ಲಿ ಗೊಣಗುತ್ತಾನೆ: "ಆಪಾ, ಪೈಲೆ ಚಾ ಪೂಛೋ, ನಂಬರ್ ಬಾದ್ ಮೆ." ಮೊದಲು ಚಹಾ ಕೇಳಬೇಕು, ನಂಬರು ಆಮೇಲೆ ನೋಡಬೇಕು ಎಂಬ ಅವನ ದೂರು ಹನ್ನೆರಡು ವರ್ಷ ಹಳೆಯದು. ಚಹಾ ಥರ್ಮಾಸಿನಲ್ಲಿ ತಯಾರಿದೆ. ಆದರೆ ಅದು ಸಿಗುವುದು ನಂಬರು ನೋಡಿದ ಮೇಲೆಯೇ ಎಂಬುದು ಅವನಿಗೂ ಗೊತ್ತು.

ಹಲಗೆ ಹಾಕಿ ಮೊದಲ ಬೈಕನ್ನು ಇಳಿಸುತ್ತಾರೆ. ಸಾಬೇರಾ ಅದರ ಮುಂದೆ ಮೊಣಕಾಲೂರಿ ಕುಳಿತು, ಹ್ಯಾಂಡಲಿನ ಕೆಳಗೆ, ಬೈಕಿನ ಕತ್ತಿನ ಬಲಬದಿಯಲ್ಲಿ ಲೋಹದೊಳಗೆ ಕೊರೆದಿರುವ ಚಾಸಿ ನಂಬರನ್ನು ಹಳೆಯ ಮಲಮಲ್ ಬಟ್ಟೆಯಿಂದ ಒರೆಸುತ್ತಾರೆ. ಅದರ ಮೇಲೆ ತೆಳ್ಳನೆಯ ಕಾಗದದ ಪಟ್ಟಿ ಇಟ್ಟು ಪೆನ್ಸಿಲಿನಿಂದ ಮೆತ್ತಗೆ ಉಜ್ಜುತ್ತಾರೆ. ಕಪ್ಪಿನ ನಡುವೆ ಬಿಳಿಯ ಅಂಕಿಗಳು ಒಂದೊಂದಾಗಿ ಏಳುತ್ತವೆ. ಹೀಗೆ ಮೂರು ಪಟ್ಟಿ. ಒಂದು ಯಾದಗಿರಿಯ ಆರ್‌ಟಿಒ ಕಚೇರಿಗೆ, ಒಂದು ಬೈಕಿನ ಒಡೆಯರಿಗೆ. ಮೂರನೆಯದು ಯಾರಿಗೂ ಬೇಕಾದದ್ದಲ್ಲ. ಅದನ್ನು ಸಾಬೇರಾ ತಮ್ಮ ಇನ್ನೂರು ಪುಟದ ನೋಟಬುಕ್ಕಿನಲ್ಲಿ ಅಂಟಿಸಿ, ಪಕ್ಕದಲ್ಲಿ ಹೆಸರು ಬರೆಯುತ್ತಾರೆ. ಇಂಥ ಹನ್ನೊಂದು ನೋಟಬುಕ್ಕುಗಳು ಅವರ ಮೇಜಿನ ಕೆಳಗಿನ ಖಾನೆಯಲ್ಲಿವೆ.

ಹೊಸ ಬೈಕು ಕೊಳ್ಳುವವರ ಸಂಭ್ರಮವನ್ನು ಎಲ್ಲರೂ ನೋಡಿರುತ್ತಾರೆ: ಹಾರ, ತೆಂಗಿನಕಾಯಿ, ಗಾಲಿಯ ಕೆಳಗೆ ನಿಂಬೆಹಣ್ಣು, ಫೋಟೊ. ಆ ದಿನ ಬರುವ ತನಕದ ಕಾಯುವಿಕೆಯನ್ನು ಹೊರುವವರು ಒಬ್ಬರಿರುತ್ತಾರೆ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ಮಹೇಶಕುಮಾರ ಎಂಬುವರ ಈ ಸಣ್ಣ ಶೋರೂಮಿನಲ್ಲಿ ಅದು ಸಾಬೇರಾ ಅವರ ಕೆಲಸ. ವಯಸ್ಸು ನಲವತ್ತೊಂದು. ಬುಕ್ ಮಾಡಿದ ಗಾಡಿ ಇನ್ನೂ ಬಂದಿಲ್ಲ ಎಂದು ಜನರಿಗೆ ಹೇಳುವುದೇ ಅವರ ಉದ್ಯೋಗ.

ದಿನನಿತ್ಯದ ಸಣ್ಣ ಬೈಕು, ಸ್ಕೂಟರುಗಳು ಹೆಚ್ಚು ಕಾಯಿಸುವುದಿಲ್ಲ. ಕಾಯಿಸುವುದು ಟೂರಿಂಗ್ ಬೈಕುಗಳು: ದೂರದ ದಾರಿಗೆಂದೇ ಮಾಡಿದ, ಎತ್ತರದ ಗಾಜು, ಅಗಲದ ಸೀಟು, ಎರಡೂ ಬದಿಗೆ ಪೆಟ್ಟಿಗೆಯಿರುವ ಭಾರದ ಗಾಡಿಗಳು. ಕಾರ್ಖಾನೆಯಲ್ಲಿ ಒಮ್ಮೆ ಬಿಡಿಭಾಗ ಇರುವುದಿಲ್ಲ, ಒಮ್ಮೆ ಕೇಳಿದ ಬಣ್ಣ ಇರುವುದಿಲ್ಲ. ಎರಡೂ ಇದ್ದಾಗ ದೊಡ್ಡ ಶಹರಗಳ ಪಾಲು ಮೊದಲು ಹೋಗುತ್ತದೆ. "ನಾವು ಕಾಲುವಿ ಕಡೀ ಹೊಲ ಇದ್ದಂಗ್ರಿ" ಎನ್ನುತ್ತಾರೆ ಸಾಬೇರಾ. "ಮ್ಯಾಲಿನವ್ರ ಗದ್ದಿ ತುಂಬಿದ ಮ್ಯಾಲ ನಮಗ ನೀರು. ಬರಂಗೇ ಇಲ್ಲ ಅಂತಿಲ್ಲ. ಬರ್ತದ. ಆದ್ರ ಕಡೀಕ್ ಬರ್ತದ." ಕಾಲುವೆಯ ನೀರು ನಂಬಿ ಭತ್ತ ಹಚ್ಚುವ ಶಹಾಪುರದ ಜನಕ್ಕೆ ಇದಕ್ಕಿಂತ ಬಿಡಿಸಿ ಹೇಳುವ ಅಗತ್ಯ ಬೀಳುವುದಿಲ್ಲ.

ಈ ವಾರದ ಪಟ್ಟಿಯಲ್ಲಿ ಕಾಯುತ್ತಿರುವವರು ನಲವತ್ತಮೂರು ಜನ. ಸುರಪುರ ಕಡೆಯವರು ಹದಿನೇಳು, ಯಾದಗಿರಿಯವರು ಹದಿನಾಲ್ಕು, ಉಳಿದವರು ಶಹಾಪುರ, ಗುರುಮಠಕಲ್ ಕಡೆಯವರು. ಪ್ರತಿ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಸಾಬೇರಾ ಪಟ್ಟಿಯ ಮೊದಲ ಹೆಸರಿಗೆ ಫೋನು ಹಚ್ಚುತ್ತಾರೆ. ಕೊನೆಯ ಹೆಸರು ಮುಗಿಯುವಾಗ ಮಧ್ಯಾಹ್ನ ಎರಡು ದಾಟಿರುತ್ತದೆ. ಹೇಳಲು ಏನಾದರೂ ಇದ್ದರೂ ಮಾಡುತ್ತಾರೆ, ಇಲ್ಲದಿದ್ದರೂ ಮಾಡುತ್ತಾರೆ. ಗಿರಾಕಿಯೇ ಫೋನು ಮಾಡಿ ಕೇಳುವಂತಾದರೆ ಅದು ತಮ್ಮ ತಪ್ಪು ಎಂಬುದು ಅವರ ಲೆಕ್ಕ. ಎಡಗಿವಿಯ ಕೇಳುವಿಕೆ ಈಗ ಸ್ವಲ್ಪ ಮಂದ. ಸೋಮವಾರ ಸಂಜೆ ಗಂಟಲು ಪೂರ್ತಿ ಬಿದ್ದುಹೋಗಿರುತ್ತದೆ. ಅಂದು ಮನೆಯಲ್ಲಿ ಅಮ್ಮಿ ಮಾತಾಡುವುದಿಲ್ಲ ಎಂಬುದು ಒಂಬತ್ತನೇ ತರಗತಿಯ ಮಗಳು ಗುಡ್ಡಿಗೆ ರೂಢಿಯಾಗಿದೆ. ಹೋಂವರ್ಕ್ ಆಯಿತೇ ಎಂಬುದಕ್ಕೊಂದು ಸನ್ನೆ, ನಾಳೆಯ ಡಬ್ಬಿಗೆ ಏನು ಬೇಕು ಎಂಬುದಕ್ಕೊಂದು ಸನ್ನೆ. ತನಗೆ ಬೇಡದ ಪಲ್ಯದ ಸನ್ನೆಯಾದಾಗ ಮಾತ್ರ ಗುಡ್ಡಿಗೆ ತಿಳಿಯುವುದಿಲ್ಲವಂತೆ.

ಫೋನಿನಲ್ಲಿ ಎಲ್ಲರೂ ಒಂದೇ ತರ ಇರುವುದಿಲ್ಲ. ಬೈಯುವವರಿದ್ದಾರೆ. ಶೋರೂಮಿನ ಮುಂದೆ ಧರಣಿ ಕೂರುತ್ತೇನೆ ಎನ್ನುವವರಿದ್ದಾರೆ. ಬುಕಿಂಗ್ ರಸೀದಿಯನ್ನು ಮೇಜಿನ ಮೇಲೆ ಹರಿದು ಚೆಲ್ಲಿ, ಮರುದಿನ ಬಂದು ಚೂರುಗಳನ್ನು ಕೇಳಿದವರೂ ಇದ್ದಾರೆ. ಆ ಚೂರುಗಳನ್ನು ಸಾಬೇರಾ ಎತ್ತಿಟ್ಟು, ಟೇಪು ಹಚ್ಚಿ ಸರಿಮಾಡಿ ಇಟ್ಟಿದ್ದರು. ಬೈಸಿಕೊಳ್ಳುವುದು ಕಷ್ಟವಲ್ಲವೇ ಎಂದರೆ ಅವರು ತಲೆಯಾಡಿಸುತ್ತಾರೆ. "ಬೈಯೋರು ಚಲೋರಿ. ಬೈದು ಹಗುರಾಗ್ತಾರ. ಸುಮ್ಮನಿರೋರದ್ದೇ ಭಾರ."

ಸುಮ್ಮನಿದ್ದವರು ಅಂದರೆ ಪಾರ್ವತೆಮ್ಮ. ಕೆಲಸಕ್ಕೆ ಸೇರಿದ ಮೊದಲ ವರ್ಷದ ಮಾತು. ಹಾಲು ಹಾಕಿ ಬದುಕುವ ಪಾರ್ವತೆಮ್ಮ ಒಂದು ಸ್ಕೂಟರ್ ಬುಕ್ ಮಾಡಿ ವಾರಕ್ಕೆರಡು ಸಲ ಬಂದು, ಯಾವಾಗ ಬರ್ತದ ಯವ್ವಾ ಎಂದು ಕೇಳುತ್ತಿದ್ದರು. ಆ ಮುಖ ನೋಡಲಾರದೆ ಸಾಬೇರಾ ಒಂದು ದಿನ ಶುಕ್ರವಾರ ಬರುತ್ತದೆ ಎಂದುಬಿಟ್ಟರು. ಶುಕ್ರವಾರ ಪಾರ್ವತೆಮ್ಮ ಒಬ್ಬರೇ ಬರಲಿಲ್ಲ. ಟಂಟಂ ಗಾಡಿ ಮಾಡಿಕೊಂಡು ಓಣಿಯ ಹೆಂಗಸರನ್ನೆಲ್ಲ ಕರೆತಂದರು, ಇಬ್ಬರು ಹಲಗೆ ಬಾರಿಸುವವರೂ ಜೊತೆಗಿದ್ದರು. ಲಾರಿ ಹುಮನಾಬಾದಿನ ಹತ್ತಿರ ಕೆಟ್ಟು ನಿಂತಿತ್ತು. ಪಾರ್ವತೆಮ್ಮ ಬೈಯಲಿಲ್ಲ. ತಂದಿದ್ದ ಪೇಢೆಯನ್ನು ಶೋರೂಮಿನವರಿಗೆಲ್ಲ ಹಂಚಿ, ಹಲಗೆಯವರಿಗೆ ಸುಮ್ಮನಿರಲು ಹೇಳಿ, ಅದೇ ಟಂಟಂನಲ್ಲಿ ತಿರುಗಿ ಹೋದರು. ತಮ್ಮ ಪಾಲಿನ ಪೇಢೆಯನ್ನು ಸಾಬೇರಾಗೆ ತಿನ್ನಲಾಗಲಿಲ್ಲ, ಬಿಸಾಡಲೂ ಆಗಲಿಲ್ಲ. ಅಂದಿನಿಂದ ಅವರು ಯಾರಿಗೂ ತಾರೀಖು ಹೇಳಿಲ್ಲ.

ತಾರೀಖಿನ ಬದಲು ಏನು ಹೇಳುತ್ತಾರೆ ಎಂಬುದರಲ್ಲೇ ಅವರ ಕಸುಬಿದೆ. ಅದನ್ನು ಕಲಿಸಿದ್ದು ತಂದೆ ಲಾಡ್ಲೇಸಾಬ. ಸುರಪುರದಲ್ಲಿ ಅವರದು ಬಾಡಿಗೆ ಸೈಕಲ್ ಅಂಗಡಿ. ಹದಿನಾಲ್ಕು ಸೈಕಲ್ಲು, ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದ ನಂಬರು. ಯಾರಾದರೂ ಬಂದು ಏಳನೇ ನಂಬರಿನ ಸೈಕಲ್ಲೇ ಬೇಕೆಂದರೆ, ಅದು ಇಲ್ಲದಿದ್ದರೆ, ಲಾಡ್ಲೇಸಾಬ ಅರ್ಧ ತಾಸಿನಲ್ಲಿ ಬರುತ್ತದೆ ಎನ್ನುತ್ತಿರಲಿಲ್ಲ. ಏಳನೇ ನಂಬರು ಈಗ ರಂಗಂಪೇಟೆ ಕಡೆ ಹೋಗಿದೆ ಎನ್ನುತ್ತಿದ್ದರು. ಬಂದವರು ರಂಗಂಪೇಟೆಯ ದಾರಿ ನೋಡುತ್ತ ಕಟ್ಟೆಯ ಮೇಲೆ ಕುಳಿತುಬಿಡುತ್ತಿದ್ದರು, ಸಿಟ್ಟಿಲ್ಲದೆ. "ಯಾವಾಗ ಬರ್ತದ ಅನ್ನೋದು ನಮ್ಮ ಕೈಯಾಗಿಲ್ಲ ಬೇಟಾ, ಎಲ್ಲದ ಅನ್ನೋದು ಗೊತ್ತಿರ್ಬೇಕು ಅಂತಿದ್ದ್ರು ಅಬ್ಬಾ" ಎಂದು ಸಾಬೇರಾ ನೆನೆಯುತ್ತಾರೆ. ಹಾಗಾಗಿ ಅವರ ಸೋಮವಾರದ ಫೋನಿನಲ್ಲಿ 'ಯಾವಾಗ' ಇಲ್ಲ, 'ಎಲ್ಲಿ' ಇದೆ. ನಿಮ್ಮ ಗಾಡಿ ಇನ್ನೂ ಆಗಿಲ್ಲ. ನಿಮ್ಮ ಗಾಡಿಗೆ ಈ ವಾರ ನಂಬರು ಬಿತ್ತು, ಬರೆದುಕೊಳ್ಳಿ. ನಿಮ್ಮದು ಸೊಲ್ಲಾಪುರ ದಾಟಿದೆ. ಇದಕ್ಕಾಗಿ ಅವರು ಇನಾಯತನಂಥ ಒಂಬತ್ತು ಲಾರಿ ಚಾಲಕರ, ನಾಲ್ಕು ಗೋದಾಮಿನವರ ನಂಬರು ಇಟ್ಟುಕೊಂಡಿದ್ದಾರೆ. ಅವರ ಮಕ್ಕಳ ಹೆಸರೂ ಗೊತ್ತು.

ಬೈಕಿಗೆ ಚಾಸಿ ನಂಬರು ಬಿದ್ದ ದಿನ ಸಾಬೇರಾ ಅದರ ಕೊನೆಯ ನಾಲ್ಕು ಅಂಕಿಗಳನ್ನು ಚೀಟಿಯಲ್ಲಿ ಬರೆದು ಗಿರಾಕಿಗೆ ಕೊಡುತ್ತಾರೆ. ಇದು ಕಂಪನಿ ಹೇಳಿಕೊಟ್ಟದ್ದಲ್ಲ. ಜನ ಆ ಚೀಟಿಯನ್ನು ಪರ್ಸಿನಲ್ಲಿಟ್ಟುಕೊಳ್ಳುತ್ತಾರೆ, ದೇವರ ಜಗಲಿಯ ಮೇಲಿಟ್ಟು ಕುಂಕುಮ ಹಚ್ಚುತ್ತಾರೆ. ಕೂಸು ಹುಟ್ಟುವ ಮೊದಲೇ ಹೆಸರಿಟ್ಟ ಹಾಗೆ. ಕಳೆದ ವಾರ ಶೋರೂಮಿನಲ್ಲಿ ಒಂದು ಗಲಾಟೆ ಎದ್ದದ್ದೂ ಇಳಿದದ್ದೂ ಅಂಥ ಒಂದು ಚೀಟಿಯಿಂದ.

ಆ ಚೀಟಿ ಸುರಪುರದ ಪಂಪಣ್ಣನವರದು. ಮೂವತ್ತು ವರ್ಷ ಸಾರಿಗೆ ಸಂಸ್ಥೆಯಲ್ಲಿ ಡ್ರೈವರಾಗಿದ್ದು, ಸುರಪುರ, ಶಹಾಪುರ, ಯಾದಗಿರಿ ನಡುವೆ ಬಸ್ಸು ಹೊಡೆದು, ಈ ವರ್ಷ ಯುಗಾದಿಗೆ ಮೊದಲು ನಿವೃತ್ತರಾದವರು. ಎಲ್ಲ ರಸ್ತೆಯೂ ಬಸ್ಸಿನ ಬೋರ್ಡಿನಲ್ಲಿದ್ದ ಊರು ಬಂದಲ್ಲಿ ಮುಗಿಯುತ್ತಿತ್ತು; ಅಲ್ಲಿಂದ ಮುಂದೆ ರಸ್ತೆ ಹೋಗುವುದನ್ನು ಕಣ್ಣಾರೆ ನೋಡುತ್ತ ಸ್ಟೀರಿಂಗ್ ತಿರುಗಿಸಬೇಕಿತ್ತು. ಹಾಗಾಗಿ ನಿವೃತ್ತಿಯಾದ ಮರುವಾರವೇ ಬಂದು ಟೂರಿಂಗ್ ಬೈಕು ಬುಕ್ ಮಾಡಿದರು. ಹೆಂಡತಿ ಬಸ್ಸಮ್ಮನವರಿಗೆ ಒಂದೇ ಆಸೆ. ತಿಂಥಣಿಯ ಸೇತುವೆಯ ಕೆಳಗೆ ಹರಿಯುವ ಕೃಷ್ಣೆ ಹುಟ್ಟುವುದು ಎಲ್ಲಿ ಎಂದು ನೋಡಬೇಕು. ಹೊಳೆಯ ಬೆನ್ನು ಹಿಡಿದು ಮೇಲಕ್ಕೆ, ಮಹಾರಾಷ್ಟ್ರದ ಬೆಟ್ಟಗಳ ತನಕ, ಗಂಡನ ಹಿಂದೆ ಕುಳಿತು ಹೋಗಬೇಕು.

ಅವರಿಗೆ ದಿನಗಳ ಗಡಿಯಿತ್ತು. ಬಸ್ಸಮ್ಮನವರ ಎರಡೂ ಮೊಣಕಾಲು ಸವೆದಿವೆ. ಕಲಬುರಗಿಯ ಡಾಕ್ಟರು ದೀಪಾವಳಿ ಆದ ಮೂರನೇ ದಿನಕ್ಕೆ ಆಪರೇಷನ್ನಿಗೆ ದಿನ ಕೊಟ್ಟಿದ್ದಾರೆ. ಅದಾದ ಮೇಲೆ ಬೈಕಿನ ಹಿಂದೆ ಕೂರುವ ಮಾತು ಬಿಡಿ ಎಂದೂ ಹೇಳಿದ್ದಾರೆ. ಎರಡು ತಿಂಗಳಲ್ಲಿ ಬರಬೇಕಿದ್ದ ಬೈಕು ಮೂರಾಯಿತು, ನಾಲ್ಕಾಯಿತು. ಮಳೆಗಾಲ ಮುಗಿಯಿತು, ದಸರೆ ಹತ್ತಿರ ಬಂತು. ಇಪ್ಪತ್ತಾರು ಸೋಮವಾರ ಸಾಬೇರಾ ಆ ಮನೆಗೆ ಫೋನು ಮಾಡಿದರು. ಪಂಪಣ್ಣ ಒಮ್ಮೆಯೂ ಬೈಯಲಿಲ್ಲ. ಬುಕ್ ಮಾಡಿದ ವಾರವೇ ಇಬ್ಬರಿಗೂ ಹೆಲ್ಮೆಟ್ ತಂದಿದ್ದರು. ಗೂಟಕ್ಕೆ ತೂಗುಬಿದ್ದ ತನ್ನ ಹೆಲ್ಮೆಟ್ಟಿನಲ್ಲಿ ಬಸ್ಸಮ್ಮ ಬೆಳ್ಳುಳ್ಳಿ ತುಂಬಿಟ್ಟಿದ್ದಾರೆ ಎಂದು ವಾರವಾರವೂ ಫೋನಿನಲ್ಲಿ ದೂರು ಹೇಳುತ್ತಿದ್ದರು ಅಷ್ಟೆ. ಹಿಂದಿನಿಂದ ಬಸ್ಸಮ್ಮನವರ ದನಿ ಬರುತ್ತಿತ್ತು: "ತಲಿಗೆ ಹಾಕ್ಕೊಳ್ಳಾಕ ಗಾಡಿ ಬರ್ಲಿ. ಅಲ್ಲಿತನ ಬಳ್ಳೊಳ್ಳಿಗರೆ ಆಗ್ಲಿ."

ದಸರೆಗೆ ಹತ್ತು ದಿನ ಇರುವಾಗ ನಂಬರು ಬಿತ್ತು: ನಾಲ್ಕು ಎಂಟು ಒಂದು ಏಳು. ಬಸ್ಸುಗಳ ನಂಬರನ್ನೇ ಜೀವನವಿಡೀ ನೆನಪಿಟ್ಟ ಪಂಪಣ್ಣನವರಿಗೆ ಚೀಟಿ ನೋಡುವ ಅಗತ್ಯ ಬೀಳಲಿಲ್ಲ. ಸೋಮವಾರ ಫೋನು ಎತ್ತಿದರೆ ನಮಸ್ಕಾರದ ಬದಲು ನಲವತ್ತೆಂಟು ಹದಿನೇಳು ಎಲ್ಲಿದ್ದಾನೆ ಎಂದೇ ಶುರು.

ದಸರೆ ಮುಗಿದ ಮೂರನೇ ಬೆಳಿಗ್ಗೆ, ಶನಿವಾರ, ಲಾರಿ ಬಂತು. ಇಳಿದು ಪರೀಕ್ಷೆಯಾಗುವ ತನಕ ಯಾರಿಗೂ ತಿಳಿಸಬಾರದು ಎಂಬುದು ಸಾಬೇರಾ ಅವರ ಕಟ್ಟಳೆ. ಆದರೆ ಶೋರೂಮಿನ ಯಜಮಾನರು ಸಂತೋಷ ತಡೆಯಲಾರದೆ ಶುಕ್ರವಾರ ಸಂಜೆಯೇ ಪಂಪಣ್ಣನವರಿಗೆ ಹೇಳಿಬಿಟ್ಟಿದ್ದರು. ಏಳು ಗಂಟೆಗೆಲ್ಲ ಗಂಡ ಹೆಂಡತಿ ಸುರಪುರದ ಮೊದಲ ಬಸ್ಸಿನಲ್ಲಿ ಬಂದಿಳಿದರು. ಚೆಂಡುಹೂವಿನ ಹಾರ, ಎರಡು ನಿಂಬೆಹಣ್ಣು, ತೆಂಗಿನಕಾಯಿ, ಎರಡು ಹೆಲ್ಮೆಟ್ಟು. ಅದೇ ಹೊತ್ತಿಗೆ ಒಳಗೆ ಸಾಬೇರಾ ಕಾಗದದ ಪಟ್ಟಿ ಇಟ್ಟು ಉಜ್ಜುತ್ತಿದ್ದರು. ಕಪ್ಪಿನಲ್ಲಿ ಎದ್ದ ಅಂಕಿಗಳು ಐದು ಎರಡು ಮೂರು ಆರು. ಮತ್ತೊಮ್ಮೆ ಒರೆಸಿ, ಮತ್ತೊಂದು ಪಟ್ಟಿ ಇಟ್ಟು ಉಜ್ಜಿದರು. ಅದೇ ಬಣ್ಣ, ಅದೇ ಮಾದರಿ, ಅದೇ ಪೆಟ್ಟಿಗೆಗಳು. ಬೇರೆ ಬೈಕು.

ಕಲಬುರಗಿಯ ದೊಡ್ಡ ಗೋದಾಮಿಗೆ ಫೋನು ಹೋಯಿತು. ಅಲ್ಲಿಯವರು ಹೆದರಲೂ ಇಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ. ಎರಡೂ ಒಂದೇ ಅಲ್ಲವೇ, ಕೊಟ್ಟುಬಿಡಿ, ಕಂಪ್ಯೂಟರಿನಲ್ಲಿ ಹೆಸರು ಬದಲಿಸಿದರಾಯಿತು ಎಂದರು. ಮಹೇಶಕುಮಾರರೂ ಹೊರಗೆ ಹಾರ ಹಿಡಿದು ನಿಂತವರನ್ನು ನೋಡಿ, ಕೊಡೋಣವೇ ಎಂಬಂತೆ ಸಾಬೇರಾ ಕಡೆ ತಿರುಗಿದರು. ಕೊಟ್ಟಿದ್ದರೆ ಅಂದೇ ಎಲ್ಲ ಮುಗಿಯುತ್ತಿತ್ತು. ಬಸ್ಸಮ್ಮನವರಿಗಿದ್ದ ದಿನಗಳಲ್ಲಿ ಒಂದೂ ಕಡಿಮೆಯಾಗುತ್ತಿರಲಿಲ್ಲ. ಸಾಬೇರಾ ಅವರಿಗೂ ಅದು ಗೊತ್ತಿತ್ತು. ಆ ಮನೆಗೆ ಉಳಿದ ದಿನಗಳನ್ನು ಅವರಷ್ಟು ಎಣಿಸಿದವರು ಬೇರೆ ಯಾರೂ ಇರಲಿಲ್ಲ.

"ಮಾಲಕ್ರೇ, ಇದರ ಕೀಲಿ ನಾ ಕೊಡಂಗಿಲ್ರಿ" ಎಂದರು ಅವರು. "ಈ ನಂಬರ್ ಎಲ್ಲೋ ಒಬ್ಬರ ಚೀಟಿನಾಗ ಅದ."

ಮಹೇಶಕುಮಾರ ಅಂದಿನ ಮಾತನ್ನು ಈಗ ನಗುತ್ತಲೇ ಹೇಳುತ್ತಾರೆ. ಅವರ ಶೋರೂಮಿನಲ್ಲಿ ಕೀಲಿಯ ಡಬ್ಬಿ ಇರುವುದು ಸಾಬೇರಾ ಅವರ ಮೇಜಿನಲ್ಲಿ. ಯಜಮಾನನಾದ ತನಗೂ ಅದನ್ನು ಕೇಳಿಯೇ ತೆಗೆಯಬೇಕು. ಅಂದು ಕೇಳುವ ಧೈರ್ಯ ಬರಲಿಲ್ಲ ಎನ್ನುತ್ತಾರೆ.

ಹೊರಗೆ ಹೋಗಿ ಹೇಳಿದವರೂ ಸಾಬೇರಾ ಅವರೇ. ಪಂಪಣ್ಣನವರನ್ನು ಒಳಗೆ ಕರೆದು, ಬೈಕಿನ ಕತ್ತಿನ ಮೇಲೆ ಟಾರ್ಚು ಬಿಟ್ಟು ತೋರಿಸಿದರು. ಪಂಪಣ್ಣ ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಅಂಕಿಗಳ ಮೇಲೆ ಬೆರಳಾಡಿಸಿದರು.

"ಇದು ಯಾರದು ಯವ್ವಾ?"

"ಗೊತ್ತಿಲ್ರಿ ಕಾಕಾರ. ಯಾರೋ ಕಾಯಾಕತ್ತಾರ."

ಪಂಪಣ್ಣ ಎದ್ದು, ಹಾರವನ್ನು ಹೆಂಡತಿಯ ಚೀಲಕ್ಕೆ ತಿರುಗಿ ಹಾಕಿದರು. "ಮೂವತ್ತು ವರ್ಷದಾಗ ಮತ್ತೊಬ್ಬನ ಡ್ಯೂಟಿ ಗಾಡಿ ಹೊಡ್ಕೊಂಡು ಹೋದಾಂವ ಅಲ್ಲ ನಾ. ಇರ್ಲಿ ಬಿಡು." ಬಸ್ಸಮ್ಮ ಮಾತ್ರ ಬಾಗಿಲಲ್ಲಿ ಕುರ್ಚಿಯ ಮೇಲೆ ಕುಳಿತವರು ಸುಲಭಕ್ಕೆ ಬಿಡಲಿಲ್ಲ. "ಬಳ್ಳೊಳ್ಳಿ ಎಲ್ಲ ಬುಟ್ಟಿಗೆ ಸುರುವಿ ಬಂದೀನಿ. ಈಗ ಹೋಗಿ ಮತ್ತ ತುಂಬ್ಲೇನು?" ಎಂದು ಕೇಳಿದರು. ನಗೆಯಲ್ಲಿ ಕೇಳಿದರೋ ಸಿಟ್ಟಿನಲ್ಲಿ ಕೇಳಿದರೋ ಸಾಬೇರಾ ಅವರಿಗೆ ಇಂದಿಗೂ ತಿಳಿದಿಲ್ಲ. ಅವರು ಕೊಟ್ಟ ಉತ್ತರ ಒಂದೇ: ಇಂದು ಸಂಜೆಯೊಳಗೆ ನಿಮ್ಮ ಗಾಡಿ ಎಲ್ಲಿದೆ ಎಂದು ಹೇಳುತ್ತೇನೆ.

ಅಂದು ಅವರು ಹತ್ತೊಂಬತ್ತು ಫೋನು ಮಾಡಿದರು. ಆ ವಾರ ಕಲಬುರಗಿಯಿಂದ ಯಾವ ಯಾವ ಲಾರಿ ಎತ್ತ ಹೋಯಿತು, ಯಾರ ಲಾರಿಯಲ್ಲಿ ಇದೇ ಬಣ್ಣದ ಗಾಡಿ ಇತ್ತು ಎಂದು ಚಾಲಕರನ್ನು ಒಬ್ಬೊಬ್ಬರನ್ನಾಗಿ ಹಿಡಿದರು. ಅಂಥದೊಂದು ಗಾಡಿ ಹೊಳೆಯಾಚೆ ಲಿಂಗಸುಗೂರಿಗೆ ಹೋಗಿತ್ತು. ಅಲ್ಲಿಯ ಶೋರೂಮಿನಲ್ಲಿ ಸ್ಟೋರು ನೋಡಿಕೊಳ್ಳುವ ರಾಮಣ್ಣನವರಿಗೆ ಫೋನು ಹಚ್ಚಿ, ಬೈಕಿನ ಕತ್ತಿನ ನಂಬರನ್ನು ಕಾಗದ ನೋಡದೆ ಓದಿ ಹೇಳಿ ಎಂದರು. ರಾಮಣ್ಣ ಮೊದಲು ನಕ್ಕರು. ಸಂಜೆಗೆ ಡೆಲಿವರಿ ಇದೆ, ಎಲ್ಲ ಸರಿಯಿದೆ ಎಂದರು. ಆಮೇಲೆ ಹೋಗಿ ನೋಡಿದರು. ಮೆಲ್ಲಗೆ ಓದಿದರು: ನಾಲ್ಕು, ಎಂಟು, ಒಂದು, ಏಳು.

ಅಲ್ಲಿ ಆ ಸಂಜೆಯ ಡೆಲಿವರಿಗೆ ಕಾದಿದ್ದವರು ಮಜೀದಾ ಎಂಬ ನರ್ಸು. ನಾಲ್ಕು ತಿಂಗಳಿಂದ ಕಾಯುತ್ತಿದ್ದರು. ಐವತ್ತೆರಡು ಮೂವತ್ತಾರು ಅವರದು.

ಎರಡು ಶೋರೂಮುಗಳ ನಡುವೆ ಗಾಡಿ ಅದಲುಬದಲು ಮಾಡಲು ರೀತಿಪ್ರಕಾರ ಎರಡೂ ಕಲಬುರಗಿಗೆ ಹೋಗಿ ತಿರುಗಿ ಬರಬೇಕು; ಎಂಟು ದಿನ. ಸಾಬೇರಾ ಅಷ್ಟು ದಿನ ಕೊಡಲು ತಯಾರಿರಲಿಲ್ಲ. ಇಬ್ಬರು ಯಜಮಾನರನ್ನೂ ಒಂದೇ ಫೋನಿನಲ್ಲಿ ಕೂರಿಸಿ, ಗೋದಾಮಿನವರಿಂದ ಕಂಪ್ಯೂಟರಿನ ಒಪ್ಪಿಗೆ ತರಿಸಿಕೊಂಡು, ನಡುದಾರಿಯ ಜಾಗ ಗೊತ್ತು ಮಾಡಿದರು: ತಿಂಥಣಿ ಸೇತುವೆಯ ಈಚೆ ಬದಿ, ಭಾನುವಾರ ಬೆಳಿಗ್ಗೆ ಆರಕ್ಕೆ. ಪಂಪಣ್ಣನವರಿಗೆ ಸಂಜೆ ಹೇಳಿದ್ದು ಇಷ್ಟೇ: ನಿಮ್ಮ ಗಾಡಿ ಲಿಂಗಸುಗೂರಿನಲ್ಲಿದೆ, ನೆರಳಲ್ಲಿದೆ, ಒಂದು ಗೀರೂ ಬಿದ್ದಿಲ್ಲ.

ಭಾನುವಾರ ನಸುಕಿನಲ್ಲಿ ಶಹಾಪುರದಿಂದ ಸಣ್ಣ ಗೂಡ್ಸ್ ಗಾಡಿಯೊಂದು ಹೊರಟಿತು. ಹಿಂದೆ ಬೈಕು, ಮುಂದೆ ಸಾಬೇರಾ, ಅವರ ಗಂಡ ಮೈನುದ್ದೀನ. ಕಡೇಚೂರಿನ ಕಾರ್ಖಾನೆಯೊಂದರಲ್ಲಿ ವೆಲ್ಡರ್ ಆಗಿರುವ ಮೈನುದ್ದೀನರಿಗೆ ವಾರಕ್ಕೊಂದೇ ರಜೆ. ಅವರು ಬೈಕು ಇಳಿಸುವ ಹಲಗೆ ಹಿಡಿಯಲು ಬಂದಿದ್ದರು. ನಿಕಾಹದ ದಿನವೂ ನಾನು ಇಷ್ಟು ಬೇಗ ಎದ್ದಿರಲಿಲ್ಲ ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದರು. ಸೇತುವೆಯ ಬಳಿ ಲಿಂಗಸುಗೂರಿನ ಗಾಡಿ ಆಗಲೇ ನಿಂತಿತ್ತು. ರಾಮಣ್ಣ ಇಳಿದು ಬಂದು ಯಾರೂ ಕೇಳದಿದ್ದರೂ ತಪ್ಪು ಒಪ್ಪಿಕೊಂಡರು. ಹೊಳೆಯ ಮೇಲೆ ಮಂಜು ತೆಳ್ಳಗಿತ್ತು. ಸಾಬೇರಾ ರಸ್ತೆಬದಿಯ ಜಲ್ಲಿಯ ಮೇಲೆ ಮೊಣಕಾಲೂರಿ, ಒರೆಸಿ, ಪಟ್ಟಿ ಇಟ್ಟು, ಪೆನ್ಸಿಲ್ ಉಜ್ಜಿದರು. ಕೊನೆಯ ಅಂಕಿ ಏಳು ಎದ್ದ ಮೇಲೆ ಫೋನು ತೆಗೆದರು. ಇಪ್ಪತ್ತಾರು ಸೋಮವಾರ ಆ ಮನೆಗೆ ಹೇಳದ ಒಂದು ಮಾತನ್ನು ಆ ಭಾನುವಾರ ಹೇಳಿದರು: "ಕಾಕಾರ, ಬಂತ್ರಿ."

ಅದಾದ ಮೇಲೆ ರಾಮಣ್ಣನವರು ಮೆತ್ತನೆಯ ಪೆನ್ಸಿಲ್ ಯಾವುದು, ಕಾಗದ ಎಲ್ಲಿ ಸಿಗುತ್ತದೆ ಎಂದು ಕೇಳಿ ಬರೆದುಕೊಂಡರಂತೆ. ಮಜೀದಾ ಒಂದು ಸಂದೇಶ ಕಳಿಸಿದ್ದಾರೆ. ಅದನ್ನು ಸಾಬೇರಾ ತೋರಿಸುವುದಿಲ್ಲ, ಇದೆ ಎಂದಷ್ಟೇ ಹೇಳುತ್ತಾರೆ. ನೋಂದಣಿ, ನಂಬರ್ ಪ್ಲೇಟು ಎಲ್ಲ ಮುಗಿದು ಬುಧವಾರ ಪಂಪಣ್ಣನವರ ಕೈಗೆ ಕೀಲಿ ಬಂತು. ಒಣಗಿದ ಚೆಂಡುಹೂವಿನ ಬದಲು ಹೊಸ ಹಾರ ಬಂದಿತ್ತು, ನಿಂಬೆಹಣ್ಣು ಹಳೆಯವೇ. ಬಸ್ಸಮ್ಮ ಹೆಲ್ಮೆಟ್ ಹಾಕಿಕೊಂಡು ಹಿಂದೆ ಹತ್ತಲು ಕುರ್ಚಿ ಕೇಳಿದರು. ಕುರ್ಚಿ ಹಿಡಿದು ನಿಂತವರು ಮಹೇಶಕುಮಾರ. ಹತ್ತಿ ಕುಳಿತ ಮೇಲೆ, ಬೆಳ್ಳುಳ್ಳಿ ವಾಸನೆಗೆ ಕಣ್ಣಲ್ಲಿ ನೀರು ಬರುತ್ತಿದೆ ಎಂದರು. ಸಾಬೇರಾ ಹೌದು ಎಂದರು. ಮರುದಿನ, ಗುರುವಾರ, ಇಬ್ಬರೂ ಹೊರಟರು.

ಇಂದು ಇನಾಯತ ತಂದ ಆರು ಬೈಕುಗಳ ನಂಬರು ಸರಿಯಾಗಿವೆ. ಅವನಿಗೆ ಚಹಾ ಸಿಕ್ಕಿದೆ. ಗುಡ್ಡಿಯ ಡಬ್ಬಿಯನ್ನು ಶಾಲೆಗೆ ಮುಟ್ಟಿಸಿ ಬಂದು ಸಾಬೇರಾ ಮೇಜಿನ ಮುಂದೆ ಕುಳಿತಿದ್ದಾರೆ. ನೋಟಬುಕ್ಕುಗಳಲ್ಲಿ ಒಟ್ಟು ಎಷ್ಟು ಪಟ್ಟಿಗಳಿರಬಹುದು ಎಂದರೆ ಎರಡು ಸಾವಿರದ ಮುನ್ನೂರರ ಮೇಲೆ ಎನ್ನುತ್ತಾರೆ. ಹನ್ನೊಂದನೆಯದನ್ನು ತೆರೆದು, ನಾಲ್ಕು ಎಂಟು ಒಂದು ಏಳು ಇರುವ ಪುಟ ತೋರಿಸುತ್ತಾರೆ. ಆ ಪಟ್ಟಿಯ ತುದಿ ಇಬ್ಬನಿಗೆ ಸ್ವಲ್ಪ ಸುಕ್ಕುಗಟ್ಟಿದೆ. "ಇದ್ರಾಗ ಒಬ್ಬರ ಗಾಡಿ ಮತ್ತೊಬ್ಬರಿಗೆ ಹೋಗಿದ್ದು ಒಂದೂ ಇಲ್ರಿ" ಎನ್ನುತ್ತಾರೆ, ಪುಟ ಮುಚ್ಚುತ್ತ.

ಅವರಿಗೇನು ಆಸೆ ಎಂದು ಕೇಳಿದರೆ ತಾವೂ ಒಂದು ಬೈಕು ಕೊಳ್ಳಬೇಕು ಎನ್ನುವುದಿಲ್ಲ. ಹದಿನಾಲ್ಕು ವರ್ಷದ ಸ್ಕೂಟರು ಚೆನ್ನಾಗಿಯೇ ಓಡುತ್ತದೆ. ಸ್ವಲ್ಪ ಯೋಚಿಸಿ, ನಾಚಿಕೊಂಡು ಹೇಳುತ್ತಾರೆ: "ಒಂದ್ಸಲ, ಒಬ್ಬರಿಗರೆ, ಇಂಥಾ ದಿನ ಬರ್ತದ ಅಂತ ತಾರೀಖು ಹೇಳ್ಬೇಕ್ರಿ. ಅದು ಅದೇ ದಿನ ಬರ್ಬೇಕು. ಆ ದಿನ ನಾನೂ ಒಂದು ಪೇಢೆ ತಿಂತೀನಿ."

ಗೋಡೆಯ ಗಡಿಯಾರ ಹನ್ನೊಂದು ತೋರಿಸುತ್ತದೆ. ಲವಂಗ ಬದಲಿಸಿ, ಪಟ್ಟಿಯ ಮೊದಲ ಹೆಸರಿನ ಮೇಲೆ ಬೆರಳಿಟ್ಟು ಫೋನು ಎತ್ತುವಷ್ಟರಲ್ಲಿ ಅದೇ ಹೊಡೆದುಕೊಳ್ಳುತ್ತದೆ. ಸೋಮವಾರ ಹನ್ನೊಂದಕ್ಕೆ ಆ ಫೋನಿಗೆ ಯಾರೂ ಹೊರಗಿನಿಂದ ಮಾಡುವುದಿಲ್ಲ. ಎತ್ತಿ, ಅತ್ತಲಿನ ದನಿ ಕೇಳಿ ಸಾಬೇರಾ ಎದ್ದು ನಿಲ್ಲುತ್ತಾರೆ.

"ಯವ್ವಾ, ಸುದ್ದಿ ಏನಿಲ್ಲ" ಎನ್ನುತ್ತಾರೆ ಪಂಪಣ್ಣ, ಇಪ್ಪತ್ತಾರು ವಾರ ತಾವು ಕೇಳಿದ ದನಿಯಲ್ಲೇ. "ಗಾಡಿ ಎಲ್ಲದ ಅಂತ ಹೇಳ್ಬೇಕಂತ ಫೋನ್ ಮಾಡೀನಿ."

ಗಾಡಿ ಬೆಟ್ಟದ ಮೇಲಿದೆ. ನಾಲ್ಕು ದಿನ ಹೊಳೆಯ ಗುಂಟ ಬಂದು, ಇನ್ನು ಮುಂದೆ ಹೊಳೆಯೇ ಇಲ್ಲದಲ್ಲಿ ನಿಂತಿದೆ. ಬಸ್ಸಮ್ಮ ಫೋನು ಕಸಿದುಕೊಳ್ಳುತ್ತಾರೆ. ಕಾಲು ಹೇಗಿದೆ ಎಂದರೆ ಕಾಲಿನ ಮಾತು ಬೇಡ ಎನ್ನುತ್ತಾರೆ. "ಇಲ್ಲಿ ನಮ್ಮ ಓಣಿ ನಳದಷ್ಟು ಬೀಳಾಕತ್ತಾಳ ಯವ್ವಾ ಕೃಷ್ಣಿ. ಕೈಯಾಗ ಹಿಡ್ದೀನಿ. ತಿಂಥಣಿಗೆ ಬರೋದ್ರಾಗ ಎಷ್ಟಾಗಿ ಬರ್ತಾಳ ನೋಡು."

ಫೋನು ಇಟ್ಟ ಮೇಲೆ ಸಾಬೇರಾ ಹನ್ನೊಂದನೇ ನೋಟಬುಕ್ಕನ್ನು ಮತ್ತೆ ತೆರೆಯುತ್ತಾರೆ. ಸುಕ್ಕುಗಟ್ಟಿದ ಪಟ್ಟಿಯ ಪಕ್ಕದಲ್ಲಿ, ಪಂಪಣ್ಣ ಎಂಬ ಹೆಸರಿನ ಕೆಳಗೆ, ಬಸ್ಸಮ್ಮ ಎಂದು ಸೇರಿಸುತ್ತಾರೆ. ಆಮೇಲೆ ಹೆಸರುಗಳ ಪಟ್ಟಿ ಎಳೆದುಕೊಂಡು ಮೊದಲ ಹೆಸರಿಗೆ ಫೋನು ಹಚ್ಚುತ್ತಾರೆ. ಯಾದಗಿರಿಯ ಮಲ್ಲು ಎಂಬುವರು, ಮೂರನೇ ತಿಂಗಳು, ಬೈಯುವವರ ಪೈಕಿ. ಅತ್ತ ಕಡೆಯಿಂದ ಬೈಗುಳ ಶುರುವಾಗುತ್ತದೆ. ಸಾಬೇರಾ ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಮುಗಿದ ಮೇಲೆ, ಈ ಸೋಮವಾರ ಇನ್ನೂ ಗಟ್ಟಿಯಾಗಿರುವ ದನಿಯಲ್ಲಿ ಹೇಳುತ್ತಾರೆ:

"ಬಂದಿಲ್ರಿ ಅಣ್ಣಾರ. ಆದ್ರ ಎಲ್ಲದ ಹೇಳ್ತೀನಿ, ಕೇಳ್ರಿ."